ಟೋಲ್‌ಹೌಸ್ ಸಂಗ್ರಹಾಲಯ, ಗ್ರೇಟ್ ಯಾರ್ಮತ್: ಬಟ್ಟೆ ಹೊಲಿಯುವ ಹೆಂಗಸೊಬ್ಬಳು ನಡೆಸಿದ ಸೆರೆಮನೆ ಸೇವೆ

ಇಂಗ್ಲೆಂಡಿನ ಪೂರ್ವ ಕರಾವಳಿಯ ಗ್ರೇಟ್ ಯಾರ್ಮತ್‌ಗೆ ಹೋಗುವವರಲ್ಲಿ ಬಹುಪಾಲು ಜನ ಹೋಗುವುದು ಸಮುದ್ರಸ್ನಾನಕ್ಕೆ, ಮರಳ ದಂಡೆಗೆ ಮತ್ತು ಮಕ್ಕಳ ಆಟಗಳಿಗೆ. ಅಲ್ಲಿಂದ ಊರೊಳಕ್ಕೆ ಸ್ವಲ್ಪ ದೂರ ನಡೆದರೆ ಸಿಗುವ ಟೋಲ್‌ಹೌಸ್ ಎಂಬ ಹಳೆಯ ಕಲ್ಲಿನ ಕಟ್ಟಡ ಅವರಲ್ಲಿ ಅನೇಕರ ಕಣ್ಣಿಗೆ ಬೀಳುವುದೇ ಇಲ್ಲ. ಸೆರೆಮನೆಗಳ ಚರಿತ್ರೆಯಲ್ಲಿ, ಅದರಲ್ಲಿಯೂ ಕ್ರೈಸ್ತ ಸ್ವಯಂಸೇವಕರು ಕೈದಿಗಳ ನಡುವೆ ಮಾಡಿದ ಕೆಲಸದಲ್ಲಿ ಆಸಕ್ತಿಯುಳ್ಳವರು ಮಾತ್ರ ಕಡಲತೀರವನ್ನು ಅರ್ಧ ದಿನಕ್ಕೆ ಬಿಟ್ಟಾದರೂ ಇದನ್ನು ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ಮೂಲತಃ ಇದು 12ನೆಯ ಶತಮಾನದ ಮನೆ. ಮುಂದೆ ಅದೇ ಊರಿನ ನ್ಯಾಯಾಲಯವಾಯಿತು, ಸುಂಕದ ಕಟ್ಟೆಯಾಯಿತು, ಕೆಳಭಾಗ ಜೈಲಾಯಿತು. ಎರಡನೆಯ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ತೀವ್ರವಾಗಿ ಹಾನಿಗೊಂಡ ಕಟ್ಟಡವನ್ನು ಯುದ್ಧಾನಂತರ ಜೀರ್ಣೋದ್ಧಾರ ಮಾಡಲಾಗಿದ್ದು, ಈಗ ಅದು ನಾರ್ಫೋಕ್ ಪ್ರಾಂತದ ಸಂಗ್ರಹಾಲಯ ಸೇವೆಯ ಆಡಳಿತದಲ್ಲಿದೆ. ವರ್ಷವಿಡೀ ತೆರೆದಿರುವುದಿಲ್ಲವಾದ್ದರಿಂದ ಹೊರಡುವ ಮೊದಲು ವೇಳಾಪಟ್ಟಿಯನ್ನು ನೋಡಿಕೊಳ್ಳುವುದು ಕ್ಷೇಮ. ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಿಂದ ನಾರ್ವಿಚ್‌ಗೆ ಬಂದು ಅಲ್ಲಿ ರೈಲು ಬದಲಿಸಿದರೆ ಯಾರ್ಮತ್ ತಲುಪಬಹುದು.

ಇಲ್ಲಿನ ಮುಖ್ಯ ಆಕರ್ಷಣೆ ಹಳೆಯ ಸೆರೆಕೋಣೆಗಳು. ದಪ್ಪ ಗೋಡೆ, ಇಕ್ಕಟ್ಟು, ಸಾಲದ ಬೆಳಕು ಇವೆಲ್ಲವನ್ನೂ ಪುಸ್ತಕದಲ್ಲಿ ಓದುವುದು ಒಂದು, ಕಲ್ಲಿನ ಗೋಡೆಗೆ ಬೆನ್ನು ಕೊಟ್ಟು ನಿಂತು ಎದುರಿನ ಗೋಡೆ ಎಷ್ಟು ಹತ್ತಿರವಿದೆಯೆಂದು ಅಂದಾಜು ಮಾಡುವುದು ಇನ್ನೊಂದು. ಕಿವಿಗೆ ಹಾಕಿಕೊಂಡು ಕೇಳುವ ವಿವರಣೆಯ ಸೌಲಭ್ಯವಿದ್ದು, ಜೈಲರನ ಮತ್ತು ಕೈದಿಗಳ ಕಥೆಗಳನ್ನು ಅದು ಹೇಳುತ್ತದೆ. ಮಕ್ಕಳಿಗೆ ಇದು ಹಿಡಿಸುತ್ತದೆ. ಆದರೆ ನನ್ನಂಥವರು ಇಷ್ಟು ದೂರ ಬರುವುದು ಭಯಪಡುವ ಸುಖಕ್ಕಾಗಿ ಅಲ್ಲ. ಈ ಕೋಣೆಗಳಿಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಎಡೆಬಿಡದೆ ಬಂದುಹೋದ ಸಾರಾ ಮಾರ್ಟಿನ್ ಎಂಬ ಹೆಂಗಸನ್ನು ನೆನೆಯಲು ಬರುತ್ತೇವೆ.

ಸೆರೆಮನೆ ಸುಧಾರಣೆ ಎಂದೊಡನೆ ಎಲ್ಲರ ಬಾಯಲ್ಲಿ ಬರುವ ಹೆಸರು ಎಲಿಜಬೆತ್ ಫ್ರೈ ಅವರದು. ಅವರೂ ಇದೇ ನಾರ್ಫೋಕ್ ಪ್ರಾಂತದವರು, ನಾರ್ವಿಚ್‌ನಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥಕ್ಕೆ ಸೇರಿದ ಸಿರಿವಂತ ಮನೆತನದಲ್ಲಿ 1780ರಲ್ಲಿ ಹುಟ್ಟಿದವರು. 1813ರಲ್ಲಿ ಲಂಡನ್ನಿನ ನ್ಯೂಗೇಟ್ ಸೆರೆಮನೆಯ ಹೆಂಗಸರನ್ನು ಕಂಡು, 1817ರಲ್ಲಿ ಅವರಿಗಾಗಿ ಸಂಘ ಕಟ್ಟಿದವರು. 2002ರಿಂದ ಹಲವು ವರ್ಷ ಐದು ಪೌಂಡಿನ ನೋಟಿನ ಮೇಲೆ ಅವರ ಚಿತ್ರವಿತ್ತು. ಸಾರಾ ಅವರಿಗೆ ಇಂಥ ಬೆನ್ನಾಸರೆ ಯಾವುದೂ ಇರಲಿಲ್ಲ. 1791ರಲ್ಲಿ ಯಾರ್ಮತ್ ಬಳಿಯ ಕೇಸ್ಟರ್ ಎಂಬ ಹಳ್ಳಿಯಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ತಂದೆತಾಯಿಗಳನ್ನು ಕಳೆದುಕೊಂಡು ಅಜ್ಜಿಯ ಆಶ್ರಯದಲ್ಲಿ ಬೆಳೆದ ಅವರು ಹದಿಹರೆಯದಲ್ಲಿ ಹೊಲಿಗೆ ಕಲಿತು, ಹಳ್ಳಿಯಿಂದ ಯಾರ್ಮತ್‌ಗೆ ಸುಮಾರು ಮೂರು ಮೈಲಿ ನಡೆದು ಬಂದು, ಮನೆಮನೆಗೆ ಹೋಗಿ ದಿನಗೂಲಿಗೆ ಬಟ್ಟೆ ಹೊಲಿಯುತ್ತಿದ್ದರು. ದಾರಿಯಲ್ಲಿ ಈ ಜೈಲಿನ ಮುಂದೆ ಹಾದುಹೋಗುವಾಗ ಒಳಗಿರುವವರಿಗೆ ಬೈಬಲ್ ಓದಿ ಹೇಳಬೇಕೆಂಬ ಆಸೆ ಅವರಲ್ಲಿ ಹಲವು ವರ್ಷಗಳಿಂದ ಇತ್ತು.

ಆ ಆಸೆ ಕೈಗೂಡಿದ್ದು 1819ರ ಸುಮಾರಿಗೆ. ತನ್ನ ಮಗುವನ್ನು ಕ್ರೂರವಾಗಿ ಹೊಡೆದ ತಾಯಿಯೊಬ್ಬಳು ಜೈಲು ಸೇರಿದ ಸುದ್ದಿ ಊರಲ್ಲಿ ಹಬ್ಬಿತು. ಅವಳನ್ನು ನೋಡಬೇಕೆಂದು ಸಾರಾ ಬಾಗಿಲಿಗೆ ಹೋದಾಗ ಮೊದಲು ಒಳಗೆ ಬಿಡಲಿಲ್ಲ. ಅವರು ಮತ್ತೆ ಹೋದರು, ಆಗ ಬಿಟ್ಟರು. ಒಳಗೆ ಹೋಗುವುದು ಸಾಧ್ಯವಾಗುವವರೆಗೆ ಈ ವಿಚಾರವನ್ನು ಅಕ್ಕರೆಯ ಅಜ್ಜಿಗೂ ತಿಳಿಸಿರಲಿಲ್ಲವೆಂದು ಅವರೇ ಬರೆದಿದ್ದಾರೆ. ತಾವು ಬಂದ ಕಾರಣವನ್ನು ಹೇಳಿದಾಗ ಆ ತಾಯಿ ಅತ್ತಳು. ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನಿಗೆ ಕ್ಷಮೆ ಸಿಕ್ಕ ಪ್ರಸಂಗವಿರುವ ಲೂಕನ ಸುವಾರ್ತೆಯ 23ನೆಯ ಅಧ್ಯಾಯವನ್ನು ಸಾರಾ ಅವಳಿಗೆ ಓದಿದರು. ಇಡೀ ಊರು ಉಗಿಯುತ್ತಿದ್ದ ಹೆಂಗಸಿಗೆ ಕಟ್ಟಳೆಗಳ ಪಟ್ಟಿಯನ್ನು ಬಿಟ್ಟು ಈ ಅಧ್ಯಾಯವನ್ನು ಆರಿಸಿಕೊಂಡರಲ್ಲ, ಆ ವಿವೇಕಕ್ಕೆ ನಾನು ತಲೆಬಾಗುತ್ತೇನೆ.

ಆ ಕಾಲದಲ್ಲಿ ಈ ಜೈಲಿಗೆ ಪಾದ್ರಿ ಇರಲಿಲ್ಲ, ಕಲಿಸುವ ಮೇಷ್ಟ್ರೂ ಇರಲಿಲ್ಲ, ಕೈದಿಗಳಿಗೆ ಮಾಡಲು ಕೆಲಸವೂ ಇರಲಿಲ್ಲ. ಭಾನುವಾರವೂ ಉಳಿದೆಲ್ಲ ದಿನಗಳ ಹಾಗೆಯೇ ಬಂದುಹೋಗುತ್ತಿತ್ತು. ಸಾರಾ ವಾರದಲ್ಲಿ ಒಂದು ದಿನದ ಹೊಲಿಗೆಯನ್ನು, ಅಂದರೆ ಒಂದು ದಿನದ ಕೂಲಿಯನ್ನು ಬಿಟ್ಟುಕೊಟ್ಟು ಕೈದಿಗಳಿಗೆ ಓದುಬರಹ ಕಲಿಸತೊಡಗಿದರು. ಭಾನುವಾರದ ಪ್ರಾರ್ಥನೆಯನ್ನು ಕೈದಿಗಳೇ ಓದಿಕೊಳ್ಳಲೆಂದು ಹುರಿದುಂಬಿಸಿದರು, ಅದು ಸರಿಹೋಗದಿದ್ದಾಗ ತಾವೇ ನಡೆಸಿದರು. ಮೊದಮೊದಲು ಅಚ್ಚಾದ ಉಪದೇಶಗಳನ್ನು ಓದುತ್ತಿದ್ದವರು ಆಮೇಲೆ ತಾವೇ ಬರೆದುಕೊಂಡು ಬಂದರು. 1835ರಲ್ಲಿ ಸರ್ಕಾರದ ಸೆರೆಮನೆ ತಪಾಸಣಾಧಿಕಾರಿ ಕ್ಯಾಪ್ಟನ್ ವಿಲಿಯಮ್ಸ್ ಇಲ್ಲಿಗೆ ಬಂದು ಆ ಪ್ರಾರ್ಥನೆಯಲ್ಲಿ ಕುಳಿತು, ಅವರ ಧ್ವನಿಯ ಇಂಪನ್ನೂ ಕೈದಿಗಳು ಗಮನವಿಟ್ಟು ಕೇಳಿದ್ದನ್ನೂ ವರದಿಯಲ್ಲಿ ದಾಖಲಿಸಿದರು. ಕೈದಿಗಳ ಕೀರ್ತನೆ ಒಳ್ಳೊಳ್ಳೆಯ ಚರ್ಚುಗಳಲ್ಲಿ ಕೇಳುವುದಕ್ಕಿಂತ ಚೆನ್ನಾಗಿತ್ತು ಎಂಬ ಮಾತೂ ಅಲ್ಲಿದೆ. ಹೆಂಗಸೊಬ್ಬಳು ಉಪದೇಶ ಮಾಡುವುದನ್ನು ಆ ಕಾಲದ ಚರ್ಚು ಒಪ್ಪುತ್ತಿರಲಿಲ್ಲ. ಜೈಲಿನೊಳಗೆ ಮಾತ್ರ ಯಾರಿಗೂ ಅದು ಆಕ್ಷೇಪವೆನಿಸಲಿಲ್ಲ, ಏಕೆಂದರೆ ಆ ಕೆಲಸಕ್ಕೆ ಬೇರೆ ಯಾರೂ ಮುಂದೆ ಬಂದಿರಲಿಲ್ಲ.

ಹೊಲಿಗೆಯವರಾಗಿದ್ದುದರಿಂದಲೇ ಅವರಿಗೆ ಹೊಳೆದ ಇನ್ನೊಂದು ಸಂಗತಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. 1823ರಲ್ಲಿ ಯಾರೋ ದಾನಿಯೊಬ್ಬರು ಜೈಲಿನ ಧರ್ಮಕಾರ್ಯಕ್ಕೆಂದು ಹತ್ತು ಶಿಲಿಂಗ್, ಅಂದರೆ ಅರ್ಧ ಪೌಂಡ್ ಕೊಟ್ಟರು. ಅದನ್ನು ಹಂಚಿ ಮುಗಿಸದೆ ಸಾರಾ ಬಟ್ಟೆ ಕೊಂಡು, ಎಳೆಮಕ್ಕಳ ಅಂಗಿಗಳ ಮಾದರಿಗಳನ್ನು ಎರವಲು ತಂದು, ಹೆಣ್ಣು ಕೈದಿಗಳಿಂದ ಹೊಲಿಸಿದರು. ಮಾರಿ ಬಂದ ಹಣ ಮತ್ತೆ ಬಟ್ಟೆಗೆ ಹೋಯಿತು. ಗಂಡಸರು ಹುಲ್ಲಿನ ಟೋಪಿ ಹೆಣೆದರು, ಮೂಳೆಯಲ್ಲಿ ಚಮಚಗಳನ್ನೂ ಮುದ್ರೆಗಳನ್ನೂ ಕೆತ್ತಿದರು, ಸೂಜಿ ಹಿಡಿದು ಅಂಗಿಯನ್ನೂ ಹೊಲಿದರು. ಸಣ್ಣ ಮೊತ್ತದಿಂದ ಹೊರಟ ಆ ನಿಧಿಯ ಮೂಲಕ ಮುಂದಿನ ವರ್ಷಗಳಲ್ಲಿ ಮಾರಾಟವಾದ ಸಾಮಾನಿನ ಮೌಲ್ಯ 400 ಪೌಂಡಿಗೂ ಮೀರಿತು. ಬಿಡುಗಡೆಯಾಗಿ ಹೋಗುವವರಿಗೆ ಕೈಯಲ್ಲಿ ನಾಲ್ಕು ಕಾಸು ಇರಬೇಕು, ಹೊಸದಾಗಿ ಕೆಲಸ ಹುಡುಕಿಕೊಳ್ಳುವವರೆಗೆ ಆಧಾರವಿರಬೇಕು ಎಂದು ಅವರಿಗಾಗಿ ಬೇರೆಯೇ ನಿಧಿಯನ್ನೂ ಅವರು ಕೂಡಿಸಿದರು. ಇಂದಿಗೂ ಸೆರೆಮನೆ ಸೇವೆಯ ತಂಡಗಳು ಎಡವುವುದು ಈ ಎರಡನೆಯ ಭಾಗದಲ್ಲಿ: ಒಳಗೆ ಭಜನೆ ಹಾಡಿ ಬರುವವರು ಬೇಕಾದಷ್ಟು ಸಿಗುತ್ತಾರೆ, ಹೊರಗೆ ಬಂದವನಿಗೆ ಬಾಡಿಗೆ ಮನೆ ಕೊಡಿಸುವವರು ಸಿಗುವುದಿಲ್ಲ.

1826ರಲ್ಲಿ ಅಜ್ಜಿ ತೀರಿಕೊಂಡರು. ಅವರಿಂದ ಬಂದ ಅಲ್ಪ ಆಸ್ತಿಯಿಂದ ವರ್ಷಕ್ಕೆ ಹತ್ತು, ಹನ್ನೆರಡು ಪೌಂಡ್ ಬರುತ್ತಿತ್ತು. ಸಾರಾ ಯಾರ್ಮತ್‌ನಲ್ಲಿ ಎರಡು ಕೋಣೆಗಳ ಬಾಡಿಗೆ ಮನೆ ಮಾಡಿದರು. ಜೈಲಿಗೆ ಕೊಡುವ ಸಮಯ ಹೆಚ್ಚಿದಂತೆ ಹೊಲಿಗೆಯ ಗಿರಾಕಿಗಳು ಒಬ್ಬೊಬ್ಬರಾಗಿ ಕಡಿಮೆಯಾದರು. ಊರಿನ ಆಡಳಿತಕ್ಕೆ ಪಾದ್ರಿ, ಮೇಷ್ಟ್ರು, ಕೆಲಸದ ಮೇಲ್ವಿಚಾರಕ ಮೂವರೂ ಒಬ್ಬರಲ್ಲೇ, ಅದೂ ಸಂಬಳವಿಲ್ಲದೆ ಸಿಕ್ಕಿದ್ದರು. ಕಡೆಗೆ 1841ರಲ್ಲಿ ನಗರಾಡಳಿತ ಅವರಿಗೆ ವರ್ಷಕ್ಕೆ 12 ಪೌಂಡ್ ಗೊತ್ತುಮಾಡಿತು. ಹಣ ತೆಗೆದುಕೊಂಡರೆ ಕೈದಿಗಳು ತಮ್ಮನ್ನು ಸಂಬಳದ ಆಳೆಂದು ತಿಳಿದಾರೆಂದು ಸಾರಾ ಹಿಂಜರಿದಾಗ, ಒಳಗೆ ಬರಬೇಕಾದರೆ ನಮ್ಮ ಷರತ್ತಿಗೆ ಒಪ್ಪಬೇಕು ಎಂಬ ಅರ್ಥದ ಉತ್ತರ ಬಂತು. ಅವರು ಒಪ್ಪಿದರು. ಆ ಹಣ ಅವರಿಗೆ ದಕ್ಕಿದ್ದು ಎರಡು ವರ್ಷ ಮಾತ್ರ, 1843ರ ಅಕ್ಟೋಬರ್ 15ರಂದು ಅವರು ತೀರಿಕೊಂಡರು. ನಿಷ್ಠಾವಂತ ಸ್ವಯಂಸೇವಕರನ್ನು ಹೊಗಳುವ ಸಭೆಗಳಲ್ಲಿ ಕುಳಿತಾಗಲೆಲ್ಲ ನನಗೆ ಈ 12 ಪೌಂಡಿನ ನೆನಪಾಗಿ, ಹೊಗಳಿಕೆ ಎಷ್ಟು ಅಗ್ಗವಾಗಿ ದೊರೆಯುವ ವಸ್ತು ಎಂದು ಕಸಿವಿಸಿಯಾಗುತ್ತದೆ.

ಅವರ ಕೆಲಸವನ್ನು ಇಂದಿನ ಕಣ್ಣಿನಿಂದ ನೋಡಿದರೆ ಒಪ್ಪಲಾಗದ್ದೂ ಇದೆ. ಬಡತನದಿಂದ ಹುಟ್ಟಿದ ಕಳ್ಳತನವನ್ನೂ ಅವರು ಪಾಪವೆಂದೇ ಕಂಡರು, ಕೈದಿಗಳ ನಡತೆಯನ್ನು ಹೆಸರು ಸಹಿತ ಪುಸ್ತಕಗಳಲ್ಲಿ ಬರೆದಿಟ್ಟರು. ಆದರೆ ಆ ಬರಹಗಳಲ್ಲಿ ತಿದ್ದಿಕೊಂಡವರ ಜೊತೆಗೆ ಮತ್ತೆ ಮತ್ತೆ ಒಳಗೆ ಬಂದವರೂ ಇದ್ದಾರೆ. ಸೋಲನ್ನು ಮುಚ್ಚಿಡದ ಆ ಲೆಕ್ಕ ಇಂದಿನ ಎಷ್ಟೋ ಸೇವಾಸಂಸ್ಥೆಗಳ ವಾರ್ಷಿಕ ವರದಿಗಳಿಗಿಂತ ಪ್ರಾಮಾಣಿಕವಾಗಿದೆ.

ಭೇಟಿ ಕೊಡುವವರಿಗೆ ಕೆಲವು ಸೂಚನೆಗಳು. ಕಟ್ಟಡ ಚಿಕ್ಕದು, ಒಂದು ಗಂಟೆಯಲ್ಲಿ ನೋಡಿ ಮುಗಿಯುತ್ತದೆ. ಲಂಡನ್ನಿನ ದೊಡ್ಡ ಸಂಗ್ರಹಾಲಯಗಳ ವೈಭವವನ್ನು ನಿರೀಕ್ಷಿಸಿ ಹೋಗಬಾರದು. ಹಳೆಯ ಕಲ್ಲಿನ ಕಟ್ಟಡವಾದ್ದರಿಂದ ಮಂಡಿನೋವಿನ ಹಿರಿಯರು ಮೆಟ್ಟಿಲುಗಳ ವಿಷಯವನ್ನು ಮುಂಚೆಯೇ ವಿಚಾರಿಸಿಕೊಳ್ಳಲಿ. ಸಾರಾ ಅವರ ಸ್ಮರಣೆಗಾಗಿ ಊರವರು ಚಂದಾ ಎತ್ತಿ ಸೇಂಟ್ ನಿಕೋಲಸ್ ಚರ್ಚಿನಲ್ಲಿ ಬಣ್ಣದ ಗಾಜಿನ ಕಿಟಕಿಯೊಂದನ್ನು ಹಾಕಿಸಿದ್ದರು. 1942ರ ಬಾಂಬ್ ದಾಳಿಯಲ್ಲಿ ಚರ್ಚು ಸುಟ್ಟುಹೋದ ಕಾರಣ ಅದನ್ನು ಹುಡುಕಿಕೊಂಡು ಹೋಗುವುದರಲ್ಲಿ ಅರ್ಥವಿಲ್ಲ, ಪುನಃ ಕಟ್ಟಿದ ಚರ್ಚನ್ನು ನೋಡಲು ಮಾತ್ರ ಹೋಗಬಹುದು. ಅವರ ಸಮಾಧಿ ಇರುವುದು ಕೇಸ್ಟರ್‌ನಲ್ಲಿ, ಅಜ್ಜಿಯ ಸಮಾಧಿಯ ಬಳಿ. ಸಮಯವಿದ್ದವರು ಟೋಲ್‌ಹೌಸ್ ಮತ್ತು ಕೇಸ್ಟರ್ ಎರಡನ್ನೂ ಒಂದೇ ದಿನದಲ್ಲಿ ಸೇರಿಸಿಕೊಳ್ಳಬಹುದು. ಮಕ್ಕಳನ್ನು ಕರೆದೊಯ್ಯುವವರು ಸಾರಾ ಯಾರೆಂಬುದನ್ನು ರೈಲಿನಲ್ಲಿಯೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಅವರ ಗಮನವೆಲ್ಲ ಕಳ್ಳರ ಕಥೆಗಳ ಮೇಲೇ ಇರುತ್ತದೆ.