ಕರ್ನಲ್ ಕಲಿಯುವವರಿಗೆ ಕ್ಯೂಇಎಂಯುವಿನ ರಿಸ್ಕ್-ವಿ ‘ವರ್ಟ್’ ಯಂತ್ರ: ವಿಮರ್ಶೆ

ಕ್ಯೂಇಎಂಯು ಎಂದರೆ ಕಂಪ್ಯೂಟರನ್ನೇ ಅನುಕರಿಸುವ ತಂತ್ರಾಂಶ; ‘ವರ್ಟ್’ ಅದು ಒದಗಿಸುವ, ರಿಸ್ಕ್-ವಿ ಬಗೆಯ ಪ್ರೊಸೆಸರಿನ ಕಾಲ್ಪನಿಕ ಯಂತ್ರ. ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಬೂಟ್ ಹೊತ್ತಿನಲ್ಲಿ ಸಾಧನಗಳ ಮೆಮೊರಿ ಮ್ಯಾಪ್ ಮಾಡುವುದನ್ನು, ಅಂದರೆ ಅವುಗಳ ವಿಳಾಸಗಳನ್ನು ತನ್ನ ಪುಟಪಟ್ಟಿಗೆ ಸೇರಿಸುವುದನ್ನು, ಕಲಿಯಲು ಇದಕ್ಕಿಂತ ಸಲೀಸಾದ ಯಂತ್ರ ಸಿಗುವುದು ಕಷ್ಟ; ಕಾಸೂ ಖರ್ಚಿಲ್ಲ. ವಿಳಾಸಗಳು ಅಚ್ಚುಕಟ್ಟು: ಯುಆರ್ಟ್ (ಅಕ್ಷರ ಕಳಿಸುವ ಸೀರಿಯಲ್ ಪೋರ್ಟ್) ಹೆಕ್ಸ್ 10000000ರಲ್ಲಿ, ವರ್ಟ್‌ಐಓ (ಡಿಸ್ಕ್, ನೆಟ್‌ವರ್ಕ್‌ನಂಥ ವರ್ಚುವಲ್ ಸಾಧನಗಳು) 10001000ರಿಂದ, ರ್‍ಯಾಮ್ 80000000ರಿಂದ. ಆದರೂ ಇವನ್ನು ಕೋಡಿನಲ್ಲಿ ಕೆತ್ತಬೇಡಿ. ಡಿವೈಸ್ ಟ್ರೀಯ (ಯಂತ್ರದ ಸಾಧನಗಳ ವಿವರಪಟ್ಟಿಯ) ವಿಳಾಸ ಬೂಟ್ ಆದಾಗ ಎ1 ರಿಜಿಸ್ಟರಿನಲ್ಲೇ ಬರುತ್ತದೆ, ಓದಿಕೊಳ್ಳಿ.

ಎಲ್ಲರೂ ಎಡವುವ ಜಾಗ ಒಂದೇ. ಯುಆರ್ಟ್‌ನ 4096 ಬೈಟಿನ ಪುಟ ಮ್ಯಾಪ್ ಮಾಡದೆ ಪೇಜಿಂಗ್ (ಪುಟಪಟ್ಟಿಯ ಮೂಲಕ ವಿಳಾಸ ಅನುವಾದ) ಚಾಲೂ ಮಾಡಿದರೆ ಮೊದಲ ಅಕ್ಷರಕ್ಕೇ ಪೇಜ್ ಫಾಲ್ಟ್ (ಮ್ಯಾಪ್ ಇಲ್ಲದ ವಿಳಾಸ ಮುಟ್ಟಿದ ದೋಷ). ದೋಷ ಬಂದಾಗ ಓಡುವ ಟ್ರ್ಯಾಪ್ ಹ್ಯಾಂಡ್ಲರ್ ಅದನ್ನು ಮುದ್ರಿಸಲು ಅದೇ ಯುಆರ್ಟ್ ಮುಟ್ಟುತ್ತದೆ, ಮತ್ತೆ ಫಾಲ್ಟ್. ಪರದೆ ಮಾತ್ರ ಮೌನ! ‘-ನೋಗ್ರಾಫಿಕ್’ ಜೊತೆ ಓಡಿಸಿ, ಕಂಟ್ರೋಲ್-ಎ ಒತ್ತಿ ಸಿ ಒತ್ತಿದರೆ ಮಾನಿಟರ್ (ಕ್ಯೂಇಎಂಯುವಿಗೇ ಆಜ್ಞೆ ಕೊಡುವ ಜಾಗ) ತೆರೆಯುತ್ತದೆ. ಅಲ್ಲಿ ‘ಇನ್ಫೋ ಮೆಮ್’ ಕೊಟ್ಟರೆ ಯಾವ ಪುಟ ಬಿಟ್ಟುಹೋಗಿದೆ ಎಂಬುದು ಕಾಣುತ್ತದೆ. ಈ ಯಂತ್ರದ ನಿಜವಾದ ಬೆಲೆ ಇಲ್ಲಿದೆ.

ಯುಆರ್ಟ್ ಪುಟದ ನಮೂದಿನಲ್ಲಿ ಓದು, ಬರೆಹದ ಬಿಟ್‌ಗಳ ಜೊತೆ ಎ (ಪುಟ ಮುಟ್ಟಲಾಗಿದೆ) ಮತ್ತು ಡಿ (ಪುಟಕ್ಕೆ ಬರೆಯಲಾಗಿದೆ) ಬಿಟ್‌ಗಳನ್ನೂ ಮೊದಲೇ ಹಚ್ಚಿಡಿ; ಕೆಲವು ಪ್ರೊಸೆಸರ್‌ಗಳು ಅವಿಲ್ಲದಿದ್ದರೆ ಫಾಲ್ಟ್ ಕೊಡುತ್ತವೆ. ಎಕ್ಸಿಕ್ಯೂಟ್ ಬಿಟ್ ಬೇಡ.

ಕೊರತೆ ದೊಡ್ಡದೇ: ಕ್ಯೂಇಎಂಯು ಕ್ಯಾಶ್ ವರ್ತನೆಯನ್ನು ಅನುಕರಿಸುವುದಿಲ್ಲ. ಫೆನ್ಸ್ (ಮೆಮೊರಿ ಓದು-ಬರೆಹಗಳ ಕ್ರಮ ಕಾಯುವ ಸೂಚನೆ) ಮರೆತ ಡ್ರೈವರ್ ಇಲ್ಲಿ ನಿರಾತಂಕವಾಗಿ ಓಡಿ, ನಿಜವಾದ ಬೋರ್ಡಿನಲ್ಲಿ ಕೈಕೊಡಬಹುದು.