ಟರ್ನರ್ ಕೆಲಸದಿಂದ ಡಿಸೈನ್ ಟೇಬಲ್‌ಗೆ: ಸಂಜೆ ಡಿಪ್ಲೊಮಾನಾ, ಹಗಲು ಕಾಲೇಜಾ, ಕ್ಯಾಡ್ ಕೋರ್ಸಾ?

ಮೊದಲೇ ಹೇಳಿಬಿಡುತ್ತೇನೆ. ಐಟಿಐ ಮುಗಿಸಿ ಕೆಲಸದಲ್ಲಿರುವವರಿಗೆ ನನ್ನ ಓಟು ಸಂಜೆ ಡಿಪ್ಲೊಮಾಕ್ಕೆ. ಬೇರೆ ದಾರಿಗಳನ್ನು ನೋಡದೆ ಈ ಮಾತು ಹೇಳುತ್ತಿಲ್ಲ. ಒಂದೊಂದನ್ನೂ ಒಂದೊಂದು ಸಮಯದಲ್ಲಿ ಹಿಡಿದು ನೋಡಿದ್ದೇನೆ. ಒಂದರಲ್ಲಂತೂ ಚೆನ್ನಾಗಿ ದುಡ್ಡು ಕಳೆದುಕೊಂಡಿದ್ದೇನೆ.

ನಾನು ಪೀಣ್ಯದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಏಳು ವರ್ಷದಿಂದ ಟರ್ನರ್ ಆಗಿದ್ದೆ, ಅಂದರೆ ಲೇತ್ ಮೆಷಿನ್‌ನಲ್ಲಿ ತಿರುಗುವ ಲೋಹವನ್ನು ಟೂಲ್ ಹಿಡಿದು ಕೊರೆದು ಅಳತೆಗೆ ತರುವ ಕೆಲಸ. ಹೈಡ್ರಾಲಿಕ್ ಸಿಲಿಂಡರ್‌ಗೆ ಹಾಕುವ ಪಿಸ್ಟನ್ ರಾಡ್ ನಮ್ಮ ಮುಖ್ಯ ಕೆಲಸ. 2022ರಲ್ಲಿ ಹೊಸ ಡ್ರಾಯಿಂಗ್ ಒಂದು ಬಂತು. ವ್ಯಾಸ ಮೊದಲಿನದೇ 40 ಮಿಲಿಮೀಟರ್, ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಡಿಮೆ ಆಗಬಹುದು ಎನ್ನುವ ಮಿತಿ) ಕೂಡ ಅದೇ. ಉದ್ದ ಮಾತ್ರ 700 ಇದ್ದದ್ದು 1400 ಆಗಿತ್ತು. ಉದ್ದನೆ ರಾಡ್ ಟೂಲ್ ತಾಗಿದಾಗ ಹಿಂದಕ್ಕೆ ಬಾಗುತ್ತದೆ, ನಡುವೆ ದಪ್ಪ ಉಳಿಯುತ್ತದೆ. ಲೇತ್ ಮೇಲೆ ನಿಂತವರಿಗೆಲ್ಲ ಗೊತ್ತಿರುವ ವಿಷಯ ಇದು. ರಾಡ್ ಬಾಗದಂತೆ ನಡುವೆ ಹಿಡಿಯುವ ಸ್ಟೆಡಿ ರೆಸ್ಟ್ ಕೊಡೋಣ ಎಂದರೆ ಅದು ಕೂರಬೇಕಾದ ಜಾಗದಲ್ಲೇ ಡ್ರಾಯಿಂಗ್‌ನವರು ಗ್ರೂವ್ (ಸುತ್ತಲಿನ ತೋಡು) ಇಟ್ಟಿದ್ದರು. ಹೀಗೆ ಮಾಡಿದರೆ ಪೀಸ್ ರಿಜೆಕ್ಟ್ ಆಗುತ್ತದೆ ಎಂದು ನಾನು ಸೂಪರ್‌ವೈಸರ್‌ಗೆ ಹೇಳಿದೆ. ಆದರೂ ಹಾಗೇ ಹಾಕಿಸಿದರು. ಮೊದಲ ಹನ್ನೊಂದು ಪೀಸ್ ರಿಜೆಕ್ಟ್ ಆದವು.

ಮಾರನೆಯ ದಿನ ಮಾಲೀಕರೇ ಮೆಷಿನ್ ಹತ್ತಿರ ಬಂದು ಏನು ಮಾಡಬೇಕು ಎಂದು ಕೇಳಿದರು. ಗ್ರೂವ್ ಪಕ್ಕಕ್ಕೆ ಸರಿಸಿ, ಆಮೇಲೆ ಗ್ರೈಂಡ್ ಮಾಡಿ ತೆಗೆಯಲು ಸ್ವಲ್ಪ ದಪ್ಪ (ಅಲೋಯನ್ಸ್) ಬಿಡಿ ಎಂದೆ. ಆ ಬದಲಾವಣೆ ಸರಿಹೋಯಿತು. ಎರಡು ತಿಂಗಳ ನಂತರ ಡಿಸೈನ್ ಎಂಜಿನಿಯರ್ ಕೆಲಸ ಬಿಟ್ಟರು. ಮಾಲೀಕರು ನನ್ನನ್ನು ಮೇಲಿನ ಆಫೀಸಿಗೆ ಕರೆಸಿ, "ನೀನೇ ಡಿಸೈನ್‌ಗೆ ಬಾ. ಆದರೆ ಕಸ್ಟಮರ್ ಆಡಿಟ್‌ನಲ್ಲಿ ಕ್ವಾಲಿಫಿಕೇಷನ್ ಕೇಳುತ್ತಾರೆ, ಡಿಪ್ಲೊಮಾ ಬೇಕು" ಎಂದರು. ಇಂಥ ಮಾತು ನನ್ನ ಜೀವನದಲ್ಲಿ ಬರುತ್ತದೆ ಎಂದು ನಾನು ಎಣಿಸಿರಲಿಲ್ಲ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ನನ್ನ ಹತ್ತಿರ ಆಗಲೇ ಒಂದು "ಡಿಪ್ಲೊಮಾ" ಇತ್ತು. 2019ರಲ್ಲಿ ಒಂದು ಏಜೆನ್ಸಿಗೆ ಎರಡು ಕಂತಿನಲ್ಲಿ 32 ಸಾವಿರ ಕಟ್ಟಿದ್ದೆ. ಕ್ಲಾಸ್ ಇಲ್ಲ, ಒಂದೇ ವರ್ಷದಲ್ಲಿ ಸರ್ಟಿಫಿಕೇಟ್ ಮನೆಗೆ ಬರುತ್ತದೆ ಎಂದಿದ್ದರು. ಬಂತು ಕೂಡ. ಆದರೆ ಅದಕ್ಕೆ ತಾಂತ್ರಿಕ ಕೋರ್ಸ್‌ಗಳಿಗೆ ಒಪ್ಪಿಗೆ ಕೊಡುವ ಕೇಂದ್ರದ ಸಂಸ್ಥೆ ಎಐಸಿಟಿಇಯ ಒಪ್ಪಿಗೆಯೇ ಇರಲಿಲ್ಲ, ಹಾಗಾಗಿ ಆಡಿಟ್‌ಗೆ ತೋರಿಸುವ ಹಾಗಿರಲಿಲ್ಲ. ಒಪ್ಪಿಗೆ ಇಲ್ಲದೆ ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ದೂರಶಿಕ್ಷಣದಲ್ಲಿ ಕೊಟ್ಟ ಎಂಜಿನಿಯರಿಂಗ್ ಪದವಿಗಳು ನಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2017ರ ನವೆಂಬರ್‌ನಲ್ಲೇ ಹೇಳಿತ್ತು. ನಾನು ಅದನ್ನು ಓದಿರಲಿಲ್ಲ. ಆ 32 ಸಾವಿರದಲ್ಲಿ ಅಮ್ಮನ ಚೀಟಿ ದುಡ್ಡೂ ಸೇರಿತ್ತು. ಆ ನೋವು ಇನ್ನೂ ಹೋಗಿಲ್ಲ. ಈ ದಾರಿಯ ಬಗ್ಗೆ ಇದಕ್ಕಿಂತ ಜಾಸ್ತಿ ಬರೆಯುವುದಿಲ್ಲ. ದುಡ್ಡು ಕಟ್ಟುವ ಮೊದಲು ಆ ಕಾಲೇಜು, ಆ ಕೋರ್ಸು, ಆ ವರ್ಷ ಮೂರೂ ಎಐಸಿಟಿಇ ಪಟ್ಟಿಯಲ್ಲಿವೆಯಾ ನೋಡಿ.

ಎಎಂಐಇ (ಕಾಲೇಜಿಗೆ ಹೋಗದೆ ಬರೆಯುವ, ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್‌ನ ಪರೀಕ್ಷೆ) ಮಾಡು ಎಂದು ಒಬ್ಬರು ಹಿರಿಯರು ಹೇಳಿದರು. ಅವರ ಕಾಲಕ್ಕೆ ಅದು ಚಿನ್ನದಂಥ ದಾರಿ. ಆದರೆ ಬಿಇಗೆ ಸಮ ಎನ್ನುವ ಕೇಂದ್ರ ಸರ್ಕಾರದ ಮಾನ್ಯತೆ 2013ರ ಮೇ 31ರೊಳಗೆ ಸೇರಿದವರಿಗೆ ಮಾತ್ರ. ಅದನ್ನು ಅಲ್ಲಿಗೇ ಬಿಟ್ಟೆ.

ಹಗಲು ಕಾಲೇಜು ನನಗೆ ಹೊಸದಲ್ಲ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಅಂದರೆ ಮೂರನೇ ಸೆಮಿಸ್ಟರ್‌ಗೆ ನೇರ ಸೇರಬಹುದು. 2014ರಲ್ಲಿ ಹಾಗೆ ಊರಿನ ಸರ್ಕಾರಿ ಪಾಲಿಟೆಕ್ನಿಕ್‌ಗೆ ಸೇರಿದ್ದೆ. ಫೀಸು ತುಂಬಾ ಕಡಿಮೆ. ಲ್ಯಾಬ್, ಲೈಬ್ರರಿ ಎಲ್ಲದಕ್ಕೂ ಸಮಯ ಸಿಗುತ್ತಿತ್ತು. ಒಂದೇ ಸೆಮಿಸ್ಟರ್‌ಗೆ ಬಿಟ್ಟೆ. ಅಪ್ಪನಿಗೆ ಹುಷಾರಿರಲಿಲ್ಲ, ಮನೆಗೆ ಸಂಬಳ ಬೇಕಿತ್ತು. ಈಗ ಮದುವೆಯಾಗಿದೆ, ಮಗುವಿದೆ. ಎರಡು ವರ್ಷ ಸಂಬಳ ಇಲ್ಲದೆ ಇರುವುದು ನನ್ನಿಂದ ಆಗದ ಮಾತು. ಆದರೆ ಹತ್ತೊಂಬತ್ತು, ಇಪ್ಪತ್ತರ ಹುಡುಗರಿಗೆ, ಮನೆಯವರು ಎರಡು ವರ್ಷ ನೋಡಿಕೊಳ್ಳುವ ಹಾಗಿದ್ದರೆ, ಹಗಲು ಕಾಲೇಜೇ ಒಳ್ಳೆಯದು.

ಮಾಲೀಕರು ಕರೆದ ತಿಂಗಳೇ ಕ್ಯಾಡ್, ಅಂದರೆ ಕಂಪ್ಯೂಟರ್‌ನಲ್ಲಿ ಡ್ರಾಯಿಂಗ್ ಮಾಡುವುದನ್ನು ಕಲಿಸುವ ಕೋರ್ಸ್ ಸೇರಿದೆ. ಮೂರು ತಿಂಗಳು, 28 ಸಾವಿರ. ಆಟೋಕ್ಯಾಡ್, ಸಾಲಿಡ್‌ವರ್ಕ್ಸ್ ಎರಡೂ ಕಲಿಸಿದರು. ಐಟಿಐನಲ್ಲಿ ಡ್ರಾಯಿಂಗ್ ಕಲಿತವರಿಗೆ ಇದು ಕಷ್ಟವಲ್ಲ. ಈ ದುಡ್ಡು ವ್ಯರ್ಥ ಎಂದು ನಾನು ಹೇಳುವುದಿಲ್ಲ, ದಿನಾ ಅದರಲ್ಲೇ ಕೆಲಸ ಮಾಡುತ್ತೇನೆ. ಆದರೆ ಅದು ಗೆರೆ ಎಳೆಯುವುದನ್ನು ಕಲಿಸುತ್ತದೆ. 40ರ ಬದಲು 45 ಮಿಲಿಮೀಟರ್ ರಾಡ್ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ಉತ್ತರ ಕೊಡುವಷ್ಟು ಕಲಿಸುವುದಿಲ್ಲ. ಡ್ರಾಫ್ಟ್ಸ್‌ಮನ್ ಕೆಲಸವೇ ಸಾಕು ಎನ್ನುವವರಿಗೆ ಸಾಕು.

ಇನ್ನು ಸಂಜೆ ಡಿಪ್ಲೊಮಾ. ಕೆಲಸದಲ್ಲಿರುವವರಿಗಾಗಿ ಎಐಸಿಟಿಇ 2023ರಲ್ಲಿ ಹೊಸ ನಿಯಮ ತಂದಿತು. ಕನಿಷ್ಠ ಒಂದು ವರ್ಷದ ಅನುಭವ ಇರಬೇಕು, ಸೇರುವುದು ನೇರ ಎರಡನೇ ವರ್ಷಕ್ಕೆ. ನಾನು ಆ ವರ್ಷವೇ ಮೆಕ್ಯಾನಿಕಲ್‌ಗೆ ಸೇರಿದೆ. ಆರರಿಂದ ಒಂಬತ್ತರವರೆಗೆ ಕ್ಲಾಸ್.

ಶಿಫ್ಟ್ ವಿಷಯ ಮೊದಲೇ ಮಾತಾಡಿಕೊಳ್ಳಿ. ನನಗೆ ಫಸ್ಟ್ ಶಿಫ್ಟ್ ಮಾತ್ರ ಕೊಟ್ಟರು. ಓಟಿ (ಓವರ್‌ಟೈಮ್) ಹೋಯಿತು, ತಿಂಗಳಿಗೆ ಸುಮಾರು 5 ಸಾವಿರ ಕಡಿಮೆ ಬಂತು.

ನನ್ನನ್ನು ನಿಜವಾಗಿ ಕಾಡಿದ್ದು ಗಣಿತ. ನೇರ ಎರಡನೇ ವರ್ಷಕ್ಕೆ ಹೋಗುವುದು ಲಾಭ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಮೊದಲ ವರ್ಷದ ಗಣಿತದ ಕ್ಲಾಸಿನಲ್ಲಿ ನಾವು ಕೂತೇ ಇರುವುದಿಲ್ಲ. ನಮ್ಮ ಬ್ಯಾಚಿನಲ್ಲಿ ಪಿಯುಸಿ ಸೈನ್ಸ್ ಓದಿ ಬಂದವರೂ ಇದ್ದರು. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಶುರುವಾದ ಎರಡನೇ ವಾರ ಲೆಕ್ಚರರ್ ಬೋರ್ಡ್ ಮೇಲೆ ಇಂಟಿಗ್ರೇಷನ್ ಚಿಹ್ನೆ ಬರೆದರು. ಅವರೆಲ್ಲ ಬರೆದುಕೊಂಡರು. ಐಟಿಐನಿಂದ ಬಂದ ನಾವು ಪೆನ್ ಹಿಡಿದು ಸುಮ್ನೆ ಕೂತೆವು. ನಾವು ಓದಿದ್ದು ವರ್ಕ್‌ಶಾಪ್ ಕ್ಯಾಲ್ಕುಲೇಷನ್. ಅದರಲ್ಲಿ ಕ್ಯಾಲ್ಕುಲಸ್ ಇರಲಿಲ್ಲ. ಮೊದಲ ಇಂಟರ್ನಲ್‌ನಲ್ಲಿ ನನಗೆ 20ಕ್ಕೆ 4 ಬಂತು. ಮನೆಗೆ ಹೋಗಿ ಹೆಂಡತಿಗೆ, "ಇದು ನನ್ನ ಕೈಲಾಗಲ್ಲ" ಎಂದು ಹೇಳಿಬಿಟ್ಟೆ.

ಅವಳು ಬಿಡಲಿಲ್ಲ. ಪಕ್ಕದ ಮನೆ ಹುಡುಗಿಯ ಹಳೆಯ ಪಿಯುಸಿ ಗಣಿತದ ಪುಸ್ತಕ ಎರಡೂ ವರ್ಷದ್ದು ತಂದುಕೊಟ್ಟಳು. ಬೆಳಗ್ಗೆ ನಾಲ್ಕಕ್ಕೆ ಎದ್ದು ಒಂದು ಗಂಟೆ ಅದನ್ನೇ ಓದುತ್ತಿದ್ದೆ. ಮೊದಲ ತಿಂಗಳು ಏನೂ ಹತ್ತಲಿಲ್ಲ. ಒಂದು ದಿನ ಡೆರಿವೇಟಿವ್ ಅಂದರೆ ವಕ್ರರೇಖೆಯ ಮೇಲೆ ಒಂದು ಜಾಗದಲ್ಲಿನ ಇಳಿಜಾರು ಎಂದು ಓದಿದಾಗ ಟೇಪರ್ ಟರ್ನಿಂಗ್ (ಒಂದು ತುದಿಗೆ ಸಣ್ಣಗಾಗುತ್ತಾ ಹೋಗುವಂತೆ ರಾಡ್ ಕೊರೆಯುವುದು) ನೆನಪಾಯಿತು. ದೊಡ್ಡ ವ್ಯಾಸದಲ್ಲಿ ಸಣ್ಣ ವ್ಯಾಸ ಕಳೆದು, ಉದ್ದದ ಎರಡರಷ್ಟರಿಂದ ಭಾಗಿಸಿದರೆ ಇಳಿಜಾರಿನ ಕೋನದ ಟ್ಯಾನ್ ಸಿಗುತ್ತದೆ, ಅಲ್ವಾ? ಟೇಪರ್‌ನಲ್ಲಿ ಇಳಿಜಾರು ಎಲ್ಲ ಕಡೆ ಒಂದೇ. ವಕ್ರರೇಖೆಯಲ್ಲಿ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ, ಅಷ್ಟೇ ವ್ಯತ್ಯಾಸ. ಅವತ್ತಿನಿಂದ ಆ ಪುಸ್ತಕದ ಹೆದರಿಕೆ ಕಡಿಮೆಯಾಯಿತು.

ಆಮೇಲೆ ಬೀಮ್ ಬಾಗುವ ಪಾಠ ಬಂತು. ಎರಡು ತುದಿಗೆ ಆಧಾರ, ನಡುವೆ ಭಾರ. ಬಾಗು ಎಷ್ಟು? ಪಿ ಎಲ್ ಕ್ಯೂಬ್ ಬೈ 48 ಇಐ. ಪಿ ಅಂದರೆ ಭಾರ, ಇ ಅಂದರೆ ಲೋಹ ಬಾಗದೆ ತಡೆಯುವ ಗುಣ, ಐ ಅಂದರೆ ರಾಡ್‌ನ ದಪ್ಪ, ಆಕಾರದಿಂದ ಬರುವ ಲೆಕ್ಕ. ಎಲ್ ಅಂದರೆ ಉದ್ದ, ಅದರ ಘನ. ಉದ್ದ ಎರಡರಷ್ಟಾದರೆ ಬಾಗು ಎಂಟರಷ್ಟು! 700ರ ರಾಡ್ 1400 ಆದಾಗ ನನ್ನ ಲೇತ್ ಮೇಲೆ ಆಗಿದ್ದು ಇದೇ. ಬಾಗುತ್ತದೆ ಎಂದು ಕೈಗೆ ಗೊತ್ತಿತ್ತು. ಎಷ್ಟು ಎಂದು ಲೆಕ್ಕ ಹಾಕಲು ಅವತ್ತು ಬಂತು. ಐ ಎನ್ನುವುದು ವ್ಯಾಸದ ನಾಲ್ಕನೇ ಘಾತದ ಮೇಲೆ ಹೋಗುತ್ತದೆ. ಹಾಗಾಗಿ 40 ಮಿಲಿಮೀಟರ್ ರಾಡ್ 45 ಆದರೆ ಬಾಗು ಮೊದಲಿನದರ ಶೇ 62ರ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಮಾರನೆಯ ಬೆಳಗ್ಗೆ ಮೆಷಿನ್ ಹತ್ತಿರ ಹೋಗಿ ಹಳೆಯ ರಿಜೆಕ್ಟ್ ಪೀಸ್ ಒಂದನ್ನು ಮೈಕ್ರೊಮೀಟರ್ ಹಿಡಿದು ತುದಿಯಿಂದ ತುದಿಗೆ ಅಳೆದೆ. ನಡುವೆ 60 ಮೈಕ್ರಾನ್, ಅಂದರೆ 0.06 ಮಿಲಿಮೀಟರ್ ಹೆಚ್ಚು ದಪ್ಪ. ರಾತ್ರಿ ಓದಿದ್ದನ್ನು ಬೆಳಗ್ಗೆ ಕೈಯಲ್ಲಿ ಹಿಡಿದು ನೋಡುವುದು ಹಗಲು ಕಾಲೇಜಿನಲ್ಲೂ ಇಲ್ಲ, ಕ್ಯಾಡ್ ಕ್ಲಾಸಿನಲ್ಲೂ ಇಲ್ಲ. ನನಗೆ ಸಂಜೆ ಡಿಪ್ಲೊಮಾ ಇಷ್ಟವಾಗಲು ಇದೇ ಕಾರಣ.

ಇಂಗ್ಲಿಷ್ ಕಷ್ಟವಾಯಿತು, ಆದರೆ ಗಣಿತದಷ್ಟಲ್ಲ. ವರ್ಕ್‌ಶಾಪ್ ಪ್ರಾಕ್ಟಿಕಲ್‌ನಲ್ಲಿ ನಾವೇ ಮುಂದು.

2025ರಲ್ಲಿ ಪಾಸಾದೆ. ಈಗ ಡ್ರಾಯಿಂಗ್ ಶೀಟಿನ ಮೂಲೆಯಲ್ಲಿ ನನ್ನ ಹೆಸರು ಬರುತ್ತದೆ. ಮುಂದೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದರೆ ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಆ ಏಜೆನ್ಸಿಯ ಕಾಗದ ಹಿಡಿದಿದ್ದರೆ ಈ ಬಾಗಿಲು ತೆರೆಯುತ್ತಿರಲಿಲ್ಲ.

ಓಟಿ ಇಲ್ಲದೆ ಎರಡು ವರ್ಷ ಮನೆ ನಡೆಯುತ್ತದೆ, ಬೆಳಗ್ಗೆ ಬೇಗ ಏಳುವ ಅಭ್ಯಾಸ ಇದೆ ಎನ್ನುವವರು ಕಣ್ಣುಮುಚ್ಚಿ ಸಂಜೆ ಡಿಪ್ಲೊಮಾಕ್ಕೆ ಸೇರಿ. ರಾತ್ರಿ ಶಿಫ್ಟ್ ಬಿಡಿಸಿಕೊಳ್ಳಲು ಆಗದವರು ಈ ವರ್ಷ ಕ್ಯಾಡ್ ಕಲಿತು, ಶಿಫ್ಟ್ ಸರಿಹೋದ ಮೇಲೆ ಬನ್ನಿ. ಯಾವ ಡಿಪ್ಲೊಮಾಕ್ಕೆ ಸೇರಿದರೂ, ಅಡ್ಮಿಷನ್‌ಗೆ ಮೂರು ತಿಂಗಳು ಮುಂಚೆ ಆ ಪಿಯುಸಿ ಗಣಿತದ ಪುಸ್ತಕ ತೆಗೆದುಕೊಂಡು ಕೂತುಬಿಡಿ. ನಾನು ಕ್ಲಾಸ್ ಶುರುವಾದ ಮೇಲೆ ತೆಗೆದೆ, ಅದಕ್ಕೇ ಮೊದಲ ಸೆಮಿಸ್ಟರ್ ಅಷ್ಟು ಭಾರವಾಯಿತು.