ವಿವಾ ಲರ್ನಿಂಗ್ ಬೇಕಾ, ಮೂಡಲ್ ಬೇಕಾ?

ಕಲಬುರಗಿಯ ತೊಗರಿ ಬೇಳೆ ಮಿಲ್‌ನವರು ಸಿಬ್ಬಂದಿಗೆ ಆನ್‌ಲೈನ್ ತರಬೇತಿ ಕೊಡಬೇಕೆಂದರೆ, ಆಫೀಸಿನಲ್ಲಿ ಆಗಲೇ ಟೀಮ್ಸ್ (ಮೈಕ್ರೋಸಾಫ್ಟ್‌ನ ಚಾಟ್, ಮೀಟಿಂಗ್ ಆ್ಯಪ್) ಇದ್ದರೆ ಅದೇ ಕಂಪನಿಯ ತರಬೇತಿ ಆ್ಯಪ್ ವಿವಾ ಲರ್ನಿಂಗ್ ಸಲೀಸು. 2021ರಲ್ಲಿ ಬಂದ ಇದು ಕೋರ್ಸೆರಾ, ಸ್ಕಿಲ್‌ಸಾಫ್ಟ್‌ನಂಥ ಆನ್‌ಲೈನ್ ಕೋರ್ಸ್ ಕಂಪನಿಗಳ ಜೊತೆ ಕೈಜೋಡಿಸಿದೆ. ಅವರ ಪಾಠಗಳನ್ನು ಟೀಮ್ಸ್ ಒಳಗೇ ಹುಡುಕಿಕೊಳ್ಳಬಹುದು. ಆದರೆ ಆ ಕೋರ್ಸ್‌ಗಳ ಚಂದಾ ಬೇರೆ ಕಟ್ಟಬೇಕು, ನೆನಪಿರಲಿ.

ಮೂಡಲ್ ಆನ್‌ಲೈನ್ ಪಾಠ ನಡೆಸುವ ಓಪನ್ ಸೋರ್ಸ್ ತಂತ್ರಾಂಶ. ಲೈಸೆನ್ಸ್‌ಗೆ ದುಡ್ಡಿಲ್ಲ, ಸ್ವಂತ ಸರ್ವರ್‌ನಲ್ಲಿ ಹಾಕಿಕೊಂಡರೆ ಅದನ್ನು ನೋಡಿಕೊಳ್ಳಲು ಮಾತ್ರ ಒಬ್ಬರು ಬೇಕೇ ಬೇಕು. ಪಾಠ ನಾವೇ ಮಾಡಬೇಕು. ನನಗೇನೋ ಅದೇ ಲಾಭ ಅನ್ನಿಸುತ್ತದೆ. ಯಂತ್ರದ ಬೆಲ್ಟ್ ಮುಟ್ಟುವ ಮುಂಚೆ ಮೇನ್ ಸ್ವಿಚ್ ಆಫ್ ಮಾಡುವುದನ್ನು ಮೊಬೈಲಿನಲ್ಲಿ ಶೂಟ್ ಮಾಡಿ, ನಮ್ಮ ಕನ್ನಡದಲ್ಲೇ ಹಾಕಬಹುದು ಅಲ್ವಾ? ಮೂಡಲ್ ಆ್ಯಪಿನಲ್ಲಿ ಮೊದಲೇ ಇಳಿಸಿಕೊಂಡರೆ ನೆಟ್ ಇಲ್ಲದಾಗಲೂ ನೋಡಬಹುದು.

ಎಕ್ಸೆಲ್ ಕಲಿಸುವುದಷ್ಟೇ ಇದ್ದರೆ ಸುಮ್ನೆ ಸರ್ವರ್ ತಲೆನೋವು ಯಾಕೆ? ವಿವಾ ಸಾಕು.